ಮೇಲಿನ ಮನೆಯ ನಾಮಪದಗಳು

ನವೆಂಬರ್ ೩, ಸೋಮವಾರ

ಮಗಳು ಹೇಮಶ್ರೀ ಮೊದಲ ಸುತ್ತು ಗೆದ್ದಿದ್ದಾಳೆ. ಕಾಲೇಜು ಮಕ್ಕಳಿಗಾಗಿ ನಡೆಸುವ ಭಾಷಾ ಒಗಟಿನ ಸ್ಪರ್ಧೆ ಇದು. ಯಾವುದೋ ಭಾಷೆಯ ಹಿಡಿಯಷ್ಟು ಪದ ಕೈಗೆ ಕೊಟ್ಟು, ಅದರ ವ್ಯಾಕರಣ ನೀವೇ ಹುಡುಕಿಕೊಳ್ಳಿ ಎನ್ನುತ್ತಾರೆ. ಎರಡನೆಯ ಸುತ್ತು ಡಿಸೆಂಬರ್ ಇಪ್ಪತ್ತೊಂದಕ್ಕೆ, ಜಯನಗರದಲ್ಲಿ. ಈ ಸಲದ ಭಾಷೆಗಳನ್ನು ಮೊದಲೇ ಹೇಳಿಬಿಟ್ಟಿದ್ದಾರೆ: ಸ್ವೀಡಿಷ್ ಮತ್ತು ವೆಲ್ಷ್. ಅದರಲ್ಲೂ ಬರೀ ನಾಮಪದಗಳು, ಅವು ಎಲ್ಲಿಂದ ಬಂದವು, ಹೇಗೆ ಬಾಗುತ್ತವೆ ಎನ್ನುವುದು. ಸಾರಕ್ಕಿಯ ಹುಡುಗಿಗೆ ಸ್ವೀಡನ್ ಬಹಳ ದೂರ, ವೇಲ್ಸ್ ಕೂಡ ದೂರ. ಸಂಜೆ ಆರರ ಮೇಲೆ, ಟ್ರಾಫಿಕ್ಕಿನಲ್ಲಿ, ಪಕ್ಕದ ಬಿಟಿಎಂ ಅವೆರಡಕ್ಕಿಂತ ದೂರ.

ನನಗೆ ಸಂತೋಷವಾಯಿತು, ಊಟದವರೆಗೆ. ಈ ಮನೆಯಲ್ಲಿ ವ್ಯಾಕರಣವೆಂದರೆ ನಾನು. ಕನ್ನಡ ಎಂ.ಎ. ಮಾಡಿ ಮೂರು ವರ್ಷ ಪಿಯು ಮಕ್ಕಳಿಗೆ ಪಾಠ ಹೇಳಿದವನು. ಆಮೇಲೆ ಅಪ್ಪ ಬೋರಣ್ಣ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮನೆಯ ಮೇಲೆ ಮನೆ ಬೆಳೆಯಿತು, ನೋಡಿಕೊಳ್ಳಲು ಒಬ್ಬ ಬೇಕಾಯಿತು. ವಿಭಕ್ತಿ ಬಿಟ್ಟು ನೀರಿನ ಮೋಟರ್ ಹಿಡಿದೆ. ಆದರೂ ಹೇಮಶ್ರೀಗೆ ಮಾತು ಬಂದಾಗಿನಿಂದ ಊಟದ ಹೊತ್ತಿನಲ್ಲಿ ನಮ್ಮಿಬ್ಬರದು ಪದ ಬಿಡಿಸುವ ಆಟ. ಅವಳ ಅಮ್ಮ ಕಲಸಿಕೊಟ್ಟ ಮೊಸರನ್ನವನ್ನು ನಾವು ಮೊಸರು, ಅನ್ನ ಎಂದು ಬೇರೆ ಮಾಡಿ, ಲೋಪಸಂಧಿ ಎಂದು ಚಪ್ಪರಿಸಿ ತಿನ್ನುತ್ತಿದ್ದೆವು.

‘ನಾನು ಹೇಳಿಕೊಡುತ್ತೇನೆ’ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಹಂಸಾ ಹುಳಿ ಬಡಿಸುತ್ತಾ ಮೇಲಿನ ಮನೆಯ ವಿಜಯಲಕ್ಷ್ಮಿಯನ್ನು ಯಾಕೆ ಕೇಳಬಾರದು ಅಂದಳು. ಗದಗದ ಹುಡುಗಿ, ಧಾರವಾಡದಲ್ಲಿ ಭಾಷಾವಿಜ್ಞಾನ ಓದಿದವಳು. ಆಫೀಸಿನಲ್ಲಿ ದಿನವಿಡೀ ಫೋನಿನಲ್ಲಿ ಸ್ವೀಡನ್ನಿನವರನ್ನು ಸಮಾಧಾನ ಮಾಡುವುದೇ ಅವಳ ಕೆಲಸ. ವೆಲ್ಷ್ ಅವಳಿಗೆ ಶೋಕಿಯಂತೆ. ಕೆಲವರಿಗೆ ಚಪ್ಪಲಿಯ ಶೋಕಿ ಇರುತ್ತದೆ, ಇವಳಿಗೆ ವೆಲ್ಷ್.

ಊಟವಾದ ಮೇಲೆ ಹೊಟ್ಟೆಯಲ್ಲಿ ಉರಿ. ಹುಳಿಗೆ ಖಾರ ಹೆಚ್ಚು ಬಿದ್ದಿರಬೇಕು.

ನವೆಂಬರ್ ೮, ಶನಿವಾರ

ಮೊದಲ ಪಾಠ ಮುಗಿಸಿ ಹೇಮಶ್ರೀ ಕೆಳಗೆ ಬಂದಳು. ಕೈಯಲ್ಲಿ ವಿಜಯಲಕ್ಷ್ಮಿ ಕೊಟ್ಟ ಶೇಂಗಾ ಹೋಳಿಗೆ, ಬಾಯಿಯಲ್ಲಿ ಸ್ವೀಡಿಷ್. ಇಂಗ್ಲಿಷಿನ ‘ದಿ’ ಮಂತ್ರಿಯ ಪೈಲಟ್ ಜೀಪಿನಂತೆ ಪದದ ಮುಂದೆ ಓಡುತ್ತದಲ್ಲ, ಸ್ವೀಡಿಷಿನಲ್ಲಿ ಅದು ಬಾಲದಂತೆ ಹಿಂದೆ ಅಂಟಿಕೊಳ್ಳುತ್ತದೆ. ಹಿಂದೆ ಯಾವುದೋ ಕಾಲದಲ್ಲಿ ಅದೂ ‘ಆ’ ಎನ್ನುವಂಥ ಬೇರೆಯೇ ಪದವಾಗಿ ನಾಮಪದದ ಪಕ್ಕದಲ್ಲಿ ನಿಂತಿತ್ತಂತೆ. ನಿಂತು ನಿಂತು ಒಳಗೇ ಸೇರಿಕೊಂಡಿತು. ಬಾಡಿಗೆಗೆ ಬಂದವರು ಹೀಗೇ ಎಂದೆ. ಹಂಸಾ ನನ್ನನ್ನು ಒಂದು ಥರ ನೋಡಿದಳು.

ಮನೆಗೆ ಸ್ವೀಡಿಷಿನಲ್ಲಿ ಏನನ್ನುತ್ತಾರೆ ಎಂದು ಕೇಳಿದೆ. ‘ಹೂಸ್’ ಅಂದಳು. ಇಂಥ ಪದ ಕೈಗೆ ಸಿಕ್ಕಿದರೆ ನಾನು ಬಿಡುವವನೇ? ಹಾಗಾದರೆ ನಮ್ಮ ಗೇಟಿಗೆ ‘ಇಲ್ಲಿ ಒಳ್ಳೆಯ ಹೂಸ್ ಬಾಡಿಗೆಗೆ ಸಿಗುತ್ತದೆ, ಗಾಳಿ ಬೆಳಕು ಯಥೇಚ್ಛ’ ಎಂದು ಬರೆಸೋಣವೇ ಎಂದೆ. ನನ್ನ ಅಮ್ಮ ಅಂಜನಮ್ಮ ಬಾಯಿಗೆ ಸೆರಗಿಟ್ಟುಕೊಂಡು ಮಂಚದ ಮೇಲೆ ಉರುಳಿದಳು. ಹೇಮಶ್ರೀ ನಕ್ಕಳು, ನಕ್ಕವಳೇ ಎದ್ದು ಮೆಟ್ಟಿಲು ಹತ್ತಿ ಓಡಿದಳು. ಒಂದು ನಿಮಿಷದಲ್ಲಿ ಮೇಲಿನಿಂದ ಇಬ್ಬರ ನಗು ತಾರಸಿ ತೂರಿಕೊಂಡು ಬಂತು.

ನನ್ನ ಜೋಕು, ನನ್ನ ಮಗಳು, ನನ್ನದೇ ತಾರಸಿ. ನಗು ಮಾತ್ರ ಬಾಡಿಗೆದಾರರದು.

ಹೋಳಿಗೆ ಜಿಡ್ಡು. ಮತ್ತೆ ಉರಿ. ಮೆಡಿಕಲ್ ಸ್ಟೋರಿನಿಂದ ಗುಲಾಬಿ ಬಣ್ಣದ ಔಷಧ ತಂದೆ.

ನವೆಂಬರ್ ೧೪, ಶುಕ್ರವಾರ

ಯಾರಿಗೂ ಹೇಳದೆ ಫೋನಿನಲ್ಲಿ ಸ್ವೀಡಿಷ್ ಕಲಿಯುತ್ತಿದ್ದೇನೆ. ನೀರಿನ ಟ್ಯಾಂಕ್ ತುಂಬುವವರೆಗೆ ಮೇಲೆ ಕಾಯುವುದು ನನ್ನ ಕೆಲಸವಾದ್ದರಿಂದ ಯಾರಿಗೂ ಅನುಮಾನವಿಲ್ಲ. ಈಗ ಟ್ಯಾಂಕ್ ತುಂಬಿ ಹರಿದರೂ ನಾನು ಇಳಿಯುತ್ತಿಲ್ಲ ಎಂದು ಹಂಸಾ ದೂರುತ್ತಾಳೆ.

ಸ್ವೀಡಿಷರಿಗೂ ಹಿಂದೆ ನಮ್ಮಂತೆ ಮೂರು ಲಿಂಗಗಳಿದ್ದವು. ಕಾಲ ಕಳೆದಂತೆ ಗಂಡು ಹೆಣ್ಣು ಒಂದೇ ಕೋಣೆಗೆ ಬಂದವು, ನಪುಂಸಕ ಮಾತ್ರ ಬೇರೆ ಉಳಿಯಿತು. ಮಗುವಿಗೆ ‘ಬಾರ್ನ್’ ಎನ್ನುತ್ತಾರೆ. ಅದು ನಪುಂಸಕ. ಒಂದಿದ್ದರೂ ಬಾರ್ನ್, ಹತ್ತಿದ್ದರೂ ಬಾರ್ನ್.

ನಮ್ಮ ಮಗುವೂ ನಪುಂಸಕಲಿಂಗವೇ ಅಲ್ಲವೇ. ಮಗು ಬಂತು, ಮಗು ಅತ್ತಿತು, ಮಗು ಅಪ್ಪನ ಹೆಗಲೇರಿತು. ಯಾವತ್ತು ಅದು ‘ಬಂದಳು’ ಆಯಿತು, ಯಾವತ್ತು ‘ಮೇಲೆ ಹೋಗಿದ್ದಾಳೆ’ ಆಯಿತು, ನಾನು ಗಮನಿಸಲೇ ಇಲ್ಲ.

ನವೆಂಬರ್ ೧೬, ಭಾನುವಾರ

ಉರಿ. ಔಷಧ.

ನವೆಂಬರ್ ೨೨, ಶನಿವಾರ

ಇವತ್ತು ಊಟಕ್ಕೆ ಕೂತಾಗ, ಏನೋ ನೆನಪಾದವನಂತೆ, ‘ಹೂಸೆನ್ ಚೆನ್ನಾಗಿದೆ’ ಎಂದೆ. ಆ ಮನೆ ಚೆನ್ನಾಗಿದೆ ಎಂಬರ್ಥದಲ್ಲಿ. ಹೇಮಶ್ರೀ ತಟ್ಟೆಯಿಂದ ತಲೆಯೆತ್ತಿದಳು. ಬಾಲ ಎರಡು ಥರ ಇರುತ್ತದೆ ಅಪ್ಪ, ಮನೆ ನಪುಂಸಕ, ಅದಕ್ಕೆ ‘ಹೂಸೆತ್’ ಆಗಬೇಕು ಅಂದಳು. ಯಾವುದಕ್ಕೆ ಯಾವ ಬಾಲ ಎನ್ನುವುದಕ್ಕೆ ಬಹಳಷ್ಟು ಕಡೆ ನಿಯಮವೇ ಇಲ್ಲ, ಬಾಯಿಪಾಠ ಮಾಡಬೇಕು, ವಿಜಿಯಕ್ಕ ಹೇಳಿದ್ದಾರೆ. ಕುರ್ಚಿ ಒಂದು ಗುಂಪು, ಮೇಜು ಇನ್ನೊಂದು, ವಿಜಿಯಕ್ಕ ಹೇಳಿದ್ದಾರೆ. ವಿಜಿಯಕ್ಕ, ವಿಜಿಯಕ್ಕ. ಆ ಅಕ್ಕನಿಗೂ ಒಂದು ಬಾಲ ಬೇಕು.

ಇದು ಸಾಲದು ಎಂಬಂತೆ ಸಂಜೆ ವಿಜಯಲಕ್ಷ್ಮಿಯೇ ಕೆಳಗಿಳಿದು ಬಂದು ಅಮ್ಮನ ಮಂಚದ ಕೆಳಗೆ ಕಾಲು ಮಡಚಿ ಕೂತಳು. ಅಮ್ಮ ಇಸ್ಕೂಲು ಅನ್ನುತ್ತಾಳೆ, ಇಷ್ಟೇಷನ್ನು ಅನ್ನುತ್ತಾಳೆ. ಹಾಗನ್ನಬೇಡವೆಂದು ನಾನು ಇಪ್ಪತ್ತು ವರ್ಷದಿಂದ ತಿದ್ದುತ್ತಿದ್ದೇನೆ. ವಿಜಯಲಕ್ಷ್ಮಿ ತಿದ್ದಲಿಲ್ಲ. ಲ್ಯಾಟಿನ್‌ನಿಂದ ಶಾಲೆಯ ಪದ ಸಾಲ ಪಡೆದ ವೆಲ್ಷರಿಗೂ ಪದದ ಮೊದಲಿಗೇ ‘ಸ್ಕ’ದಂಥ ಒತ್ತಕ್ಷರ ನುಡಿಯಲು ಕಷ್ಟವಾಗಿ, ಮುಂದೊಂದು ಸ್ವರ ಇಟ್ಟುಕೊಂಡು ‘ಅಸ್ಗೋಲ್’ ಮಾಡಿಕೊಂಡರಂತೆ. ಕಿಟಕಿಗೆ ವೆಲ್ಷರದು ‘ಫೆನೆಸ್ತ್ರ್’, ಸ್ವೀಡಿಷರದು ‘ಫೊನ್‌ಸ್ಟರ್’. ಎರಡು ಮನೆ, ಎರಡು ದೇಶ, ಕಿಟಕಿ ಒಂದೇ ಲ್ಯಾಟಿನಿನದು. ನಮ್ಮ ಮನೆಯ ಅಲಮಾರು ಪೋರ್ಚುಗೀಸರದು, ಕುರ್ಚಿ ಅರಬರದು ಎಂದೂ ಹೇಳಿದಳು. ಅವೆಲ್ಲ ಚಿಕ್ಕಪೇಟೆಯಲ್ಲಿ ನಾನೇ ಕೊಂಡದ್ದು ಎಂದೆ. ಯಾರೂ ನಗಲಿಲ್ಲ.

ಅಮ್ಮನಿಗೆ ತಾನು ಇಷ್ಟು ವರ್ಷ ಮಾತಾಡಿದ್ದು ವೆಲ್ಷ್ ಎಂದು ತಿಳಿದು ಮುಖ ಅರಳಿತು. ಹಂಸಾ ಆಗಲೇ ಮಿರ್ಚಿ ಬಜ್ಜಿಯ ಹದ ಕೇಳಿಕೊಂಡು ಶರಣಾಗಿದ್ದಾಳೆ. ಮನೆಯಲ್ಲಿ ಸೋಲದೆ ಉಳಿದವನು ನಾನೊಬ್ಬ.

ನವೆಂಬರ್ ೨೭, ಗುರುವಾರ

ವೆಲ್ಷಿನಲ್ಲಿ ಅಪ್ಪನಿಗೆ ‘ತಾದ್’. ನನಗೆ ಗೊತ್ತೇ ಇರಲಿಲ್ಲ, ಹೇಮಶ್ರೀ ಗೋಡೆಗೆ ಚೀಟಿ ಅಂಟಿಸಿದ್ದಾಳೆ. ಯಾರ ಅಪ್ಪ ಎನ್ನುವುದರ ಮೇಲೆ ಪದದ ತಲೆಯೇ ಬದಲಾಗುತ್ತದೆ. ನನ್ನ ಅಪ್ಪ ಎಂದರೆ ನ್ಹಾದ್, ನಿನ್ನ ಅಪ್ಪ, ಅವನ ಅಪ್ಪ ಎಂದರೆ ದಾದ್, ಅವಳ ಅಪ್ಪ ಎಂದರೆ ಥಾದ್. ಬಾಲ ಕಟ್ಟುವ ಸ್ವೀಡಿಷೇ ವಾಸಿ. ಇಲ್ಲಿ ತಲೆಯನ್ನೇ ತೆಗೆಯುತ್ತಾರೆ.

ವಿಜಯಲಕ್ಷ್ಮಿಯ ಹನ್ನೊಂದು ತಿಂಗಳ ಅಗ್ರಿಮೆಂಟು ಡಿಸೆಂಬರ್ ಮಧ್ಯಕ್ಕೆ ಮುಗಿಯುತ್ತದೆ. ಸಂಜೆ ಮೆಟ್ಟಿಲ ಬಳಿ ಸಿಕ್ಕಳು. ನನ್ನ ಅಣ್ಣನ ಮಗ ರಘು ತಲಘಟ್ಟಪುರದಲ್ಲಿದ್ದಾನೆ, ಅವನಿಗೆ ಮದುವೆ ಗೊತ್ತಾಗಿದೆ, ಮೇಲಿನ ಮನೆ ಅವನಿಗೆ ಬೇಕು ಎಂದೆ. ನಮ್ಮ ಕಡೆ ಮನೆ ಬಿಡಿಸಬೇಕೆಂದರೆ ಎಲ್ಲರೂ ಹೇಳುವುದು ಇದನ್ನೇ: ಸಂಬಂಧಿಕರು ಬರುತ್ತಾರೆ. ಹೇಳುವವನಿಗೂ ನೋವಿಲ್ಲ, ಕೇಳುವವನಿಗೂ ಅವಮಾನವಿಲ್ಲ. ರಘುವಿಗೆ ಇನ್ನೂ ಹೆಣ್ಣು ನೋಡಿಲ್ಲ ಎನ್ನುವುದು ಸಣ್ಣ ವಿವರ.

ಅವಳು, “ಆತ್ರಿ ಸರ. ಹುಡುಗಿ ಪರೀಕ್ಷಾ ಮುಗಿಯೂತನಕ ಇದ್ದಿದ್ರ ಚಲೋ ಆಗ್ತಿತ್ತು” ಅಂದಳು. ತನಗಾಗಿ ಒಂದು ಮಾತೂ ಕೇಳಲಿಲ್ಲ. ಹೇಮಶ್ರೀಗೆ ತಾನೇ ನಿಧಾನವಾಗಿ ಹೇಳುತ್ತೇನೆ, ನೀವು ಹೇಳಬೇಡಿ, ಓದಿನಲ್ಲಿ ಗಮನ ತಪ್ಪುತ್ತದೆ ಎಂದಳು.

ಕೆಲಸ ಸಲೀಸಾಗಿ ಮುಗಿಯಿತು. ಆದರೂ ಉರಿ ಹೋಗಿಲ್ಲ. ಔಷಧದ ಕಂಪನಿ ಬದಲಾಯಿಸಬೇಕು.

ಡಿಸೆಂಬರ್ ೬, ಶನಿವಾರ

ಹಂಸಾ, ಹೇಮಶ್ರೀ ಅವರೆಕಾಯಿ ತರಲು ಸಾರಕ್ಕಿ ಮಾರ್ಕೆಟ್ಟಿಗೆ ಹೋಗಿದ್ದರು. ಮೀಟರ್ ಬಾಕ್ಸಿನ ಹಿಂದಿದ್ದ ‘ಟು ಲೆಟ್’ ಬೋರ್ಡು ತೆಗೆದು ಧೂಳು ಒರೆಸಿ ಗೇಟಿಗೆ ತಗುಲಿಹಾಕಿದೆ. ಮನೆ ಖಾಲಿಯಾಗುತ್ತದೆಂದರೆ ವಾರ ಮೊದಲೇ ಬೋರ್ಡು ಏರಬೇಕು, ಇಲ್ಲದಿದ್ದರೆ ಒಳ್ಳೆಯವರು ಸಿಗುವುದಿಲ್ಲ. ಗೇಟಿಗೆ ಕೊಕ್ಕೆ ಹಾಕಿಸಿದ್ದೇ ಅದಕ್ಕೆ.

ಮಾರುಕಟ್ಟೆಯಿಂದ ಬಂದವರು ಕತ್ತಲಲ್ಲಿ ಗಮನಿಸಲಿಲ್ಲ. ಮೂಟೆ ಅಷ್ಟು ಭಾರವಿತ್ತು.

ಡಿಸೆಂಬರ್ ೭, ಭಾನುವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

ಅವರೆಕಾಯಿ ಕಾಲದಲ್ಲಿ ನಮ್ಮ ಮನೆಯಲ್ಲಿ ಒಂದು ಭಾನುವಾರ ಹಿತಕವರೆಗೆ ಮೀಸಲು. ನೆನೆಸಿದ ಕಾಳನ್ನು ಬೆರಳಿನಲ್ಲಿ ಹಿತುಕಿದರೆ ಬೇಳೆ ಪುಳಕ್ಕನೆ ಜಿಗಿಯುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಕಾಳು ರಾಶಿ, ಬೆರಳು ಕಡಿಮೆ. ಅದಕ್ಕೇ ಮನೆಯಲ್ಲಿರುವ ಎಲ್ಲರೂ ಪಾತ್ರೆಯ ಸುತ್ತ ಕೂರಬೇಕು, ಬಾಡಿಗೆಯವರೂ ಸೇರಿ. ಅದು ಅಮ್ಮನ ಕಟ್ಟಳೆ. ಹಾಗಾಗಿ ವಿಜಯಲಕ್ಷ್ಮಿಯೂ ಬಂದು ಕೂತಿದ್ದಳು.

ಹೇಮಶ್ರೀ ಹಿತುಕುತ್ತಲೇ ವೆಲ್ಷ್ ಹೇಳುತ್ತಿದ್ದಳು. ನಾವು ಒಂದರಿಂದ ಶುರು ಮಾಡಿ ‘ಗಳು’ ಹಚ್ಚಿ ಬಹಳ ಮಾಡುತ್ತೇವೆ. ವೆಲ್ಷರಿಗೆ ಕೆಲವು ಪದಗಳಲ್ಲಿ ರಾಶಿಯೇ ಮೊದಲು. ‘ಫಾ’ ಎಂದರೆ ಅವರೆಯಂಥ ಕಾಳುಗಳ ರಾಶಿ. ಒಂದೇ ಕಾಳು ಬೇಕಾದರೆ ಬಾಲ ಹಚ್ಚಿ ‘ಫಾಎನ್’ ಅನ್ನಬೇಕು. ‘ಸೇರ್’ ಎಂದರೆ ನಕ್ಷತ್ರಗಳು, ಒಂದು ನಕ್ಷತ್ರ ‘ಸೆರೆನ್’. ನಕ್ಷತ್ರವನ್ನು ಸೇರಿನಲ್ಲಿ ಅಳೆಯುವ ಜನ ಎಂದೆ. ಎಲ್ಲರೂ ನಕ್ಕರು, ವಿಜಯಲಕ್ಷ್ಮಿ ಎಲ್ಲರಿಗಿಂತ ಹೆಚ್ಚು. ಸರಿಯೇ ಅಲ್ವಾ ಎಂದಳು ಅಮ್ಮ, ಅವರೆ ಅಂದರೆ ರಾಶಿಯೇ, ಒಂದು ಕಾಳನ್ನು ಯಾರು ಬೇಯಿಸುತ್ತಾರೆ?

ಆಗ ಗೇಟು ಕಿರ್ ಎಂದಿತು. ಹೆಲ್ಮೆಟ್ ಕೈಯಲ್ಲಿ ಹಿಡಿದ ಒಬ್ಬ, ಹಿಂದೆ ಅವನ ಹೆಂಡತಿ.

“ಸಾರ್, ಬೋರ್ಡ್ ನೋಡಿದ್ವಿ. ಮನೆ ಯಾವಾಗ ಖಾಲಿ ಆಗುತ್ತೆ?”

ಯಾವ ಬೋರ್ಡು ಎಂದಳು ಹಂಸಾ. ವಿಜಯಲಕ್ಷ್ಮಿ ಇನ್ನು ಮುಚ್ಚಿಡುವಂತಿಲ್ಲ ಎಂದುಕೊಂಡು, ತಾನು ಮುಂದಿನ ವಾರ ಹೋಗುತ್ತಿದ್ದೇನೆ, ರಘು ಅವರ ಮದುವೆಯಾಗುತ್ತದಲ್ಲ ಎಂದು ಮೆಲ್ಲಗೆ ಹೇಳಿದಳು.

ಅಮ್ಮ ಕಾಳು ಕೆಳಗಿಟ್ಟಳು. “ರಘುಂಗೆ ಮದ್ವೆನಾ? ನಂಗೇ ಗೊತ್ತಿಲ್ದಂಗೆ? ಅವ್ನು ಬರೋ ಹಂಗಿದ್ರೆ ಬೋರ್ಡು ಯಾರಿಗ್ಲಾ ನೇತಾಕಿದ್ದೀಯ?”

ಎಂ.ಎ. ಓದಿದವನಿಗೆ, ಇಪ್ಪತ್ತು ವರ್ಷ ಮನೆ ಬಾಡಿಗೆಗೆ ಕೊಟ್ಟವನಿಗೆ, ಸಂಬಂಧಿಕರು ಬರುವ ಮನೆಗೆ ಬೋರ್ಡು ಬೇಡ ಎನ್ನುವುದು ಹೊಳೆದಿರಲಿಲ್ಲ. ಸುಳ್ಳು ಬಾಯಿಯದು, ಬೋರ್ಡು ಕೈಯದು. ಎರಡಕ್ಕೂ ಮಾತುಕತೆ ಇರಲಿಲ್ಲ. ಹೆಲ್ಮೆಟ್ಟಿನವನು ಆಮೇಲೆ ಬರ್ತೀವಿ ಸಾರ್ ಎಂದು ಹೊರಟುಹೋದ. ವಿಜಯಲಕ್ಷ್ಮಿ ತನ್ನ ಮುಂದಿದ್ದ ಪಾಲನ್ನು ಪೂರ್ತಿ ಹಿತುಕಿ, ಕೈ ತೊಳೆದುಕೊಂಡು, ಬರ್ತೀನ್ರಿ ಅಜ್ಜಿ ಎಂದು ಮೇಲೆ ಹೋದಳು.

ಹೇಮಶ್ರೀ ಕೂಗಾಡುತ್ತಾಳೆಂದು ಕಾದೆ. ಕೂಗಾಡಲಿಲ್ಲ. ತಲೆ ಬಗ್ಗಿಸಿಕೊಂಡು ಹಿತುಕುತ್ತಲೇ ಕೇಳಿದಳು.

“ನಾನು ಮೇಲೆ ಹೋಗ್ತೀನಿ ಅಂತ ತಾನೆ?”

ನಾನು ಒಂದು ಕಾಳು ಹಿತುಕಿದೆ. ಬೇಳೆ ಪಾತ್ರೆಯಾಚೆ ಜಿಗಿಯಿತು.

“ಕೇಳಿದ್ದಿದ್ರೆ ನಿನ್ನೂ ಕರ್ಕೊಂಡು ಹೋಗ್ತಿದ್ದೆ ಅಪ್ಪ.”

ಹಿತಕಬೇಳೆ ಸಾರು ಚೆನ್ನಾಗಿತ್ತೆಂದು ಅಮ್ಮ ಹೇಳಿದಳು. ನನಗೆ ರುಚಿ ನೆನಪಿಲ್ಲ.

ಡಿಸೆಂಬರ್ ೯, ಮಂಗಳವಾರ

ಎರಡು ದಿನದಿಂದ ಹೇಮಶ್ರೀ ಮೇಲೂ ಹೋಗುತ್ತಿಲ್ಲ, ನನ್ನ ಹತ್ತಿರವೂ ಬರುತ್ತಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಓದುತ್ತಾಳೆ. ನಿನ್ನೆ ಊಟದಲ್ಲಿ ‘ಮೊಸರನ್ನ’ ಎಂದೆ. “ಹೂಂ” ಎಂದು ತಿಂದಳು. ಪದ ಬಿಡಿಸಲಿಲ್ಲ.

ಇವತ್ತು ನಾನೇ ಮೆಟ್ಟಿಲು ಹತ್ತಿದೆ. ಇರಿ, ಎಷ್ಟು ದಿನ ಬೇಕಾದರೂ ಇರಿ ಎಂದೆ. ವಿಜಯಲಕ್ಷ್ಮಿ ಡಬ್ಬಗಳಿಗೆ ಹಗ್ಗ ಕಟ್ಟುತ್ತಿದ್ದಳು. ಬಿಟಿಎಂನಲ್ಲಿ ಮನೆ ಗೊತ್ತಾಗಿದೆ, ಅವರಿಗೆ ಮಾತು ಕೊಟ್ಟಾಗಿದೆ ಎಂದಳು. ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಚಹಾ ಕೊಟ್ಟಳು.

“ಒಂದ ಮಾತ ಹೇಳ್ತೀನ್ರಿ ಸರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾ ತಾಸಗಟ್ಲೆ ಕುಂತು ಹೇಳಿಕೊಟ್ಟದ್ದು ಅಕಿ ಮರುದಿನ ಮರೀತಾಳ. ನಿಮ್ಮ ಆ ಹೂಸ್ ಅದಲ್ರಿ, ಅದನ್ನ ಮಾತ್ರ ಮರಿಯಂಗಿಲ್ಲ. ನಮ್ಮಪ್ಪ ಹಿಂಗಂದ್ರು, ನಮ್ಮಪ್ಪ ಹಂಗಂದ್ರು. ಖರೇ ಹೇಳ್ತೀನಿ, ನನಗ ಹೊಟ್ಟೆಕಿಚ್ಚ ಆಗ್ತಿತ್ತು.”

ಆ ಪದವನ್ನು ಚಹಾ ಕುಡಿಯುತ್ತಾ ಅಷ್ಟು ಸಲೀಸಾಗಿ ಹೇಳಿಬಿಡಬಹುದೆಂದು ನನಗೆ ತಿಳಿದಿರಲಿಲ್ಲ. ಕೆಳಗೆ ಬಂದು ಬಿಡಿಸಿ ನೋಡಿದೆ. ಹೊಟ್ಟೆಯ ಕಿಚ್ಚು, ಷಷ್ಠೀ ತತ್ಪುರುಷ. ಮೆಡಿಕಲ್ ಸ್ಟೋರಿನವನು ವ್ಯಾಕರಣ ಓದಿದ್ದರೆ ತಿಂಗಳಿಂದ ನನಗೆ ಔಷಧ ಮಾರುತ್ತಿರಲಿಲ್ಲ.

ಡಿಸೆಂಬರ್ ೧೪, ಭಾನುವಾರ

ಹೋದಳು. ಸಾಮಾನು ಟೆಂಪೋಗೆ ಹೇರಲು ನಾನೂ ಕೈ ಹಾಕಿದೆ. ಹಂಸಾ ಹಿತಕಬೇಳೆಯ ಡಬ್ಬಿ ಕೊಟ್ಟಳು. ಅಮ್ಮ ವೆಲ್ಷಿನಲ್ಲಿ ಎರಡು ಮಾತು ಬೈದಳು, ನನ್ನನ್ನು.

ಮೇಲೆ ಹೋಗಿ ಖಾಲಿ ಮನೆಯಲ್ಲಿ ನಿಂತೆ. ‘ಹೂಸೆತ್’ ಎಂದೆ. ಸರಿಯಾದ ಬಾಲವೇ. ಗೋಡೆಗಳು ಅದನ್ನೇ ತಿರುಗಿ ಹೇಳಿದವು.

ಡಿಸೆಂಬರ್ ೧೭, ಬುಧವಾರ

ಸೋಮವಾರದಿಂದ ಸಂಜೆ ಹೇಮಶ್ರೀಯನ್ನು ಸ್ಕೂಟರಿನಲ್ಲಿ ಬಿಟಿಎಂಗೆ ಕರೆದುಕೊಂಡು ಹೋಗುತ್ತಿದ್ದೇನೆ. ನಾನೇ ಕೇಳಿದೆ, ಬರ್ತೀಯಾ ಎಂದು. ಹೋಗುವಾಗ ಸಾರಕ್ಕಿ ಸಿಗ್ನಲ್ಲಿನಲ್ಲಿ ಒಂದು ಪಾಠ ಮುಗಿಯುತ್ತದೆ, ಬರುವಾಗ ಇನ್ನೊಂದು. ಹೊಗೆ, ಹಾರನ್ನು, ಮುಂದಿನ ಬಸ್ಸಿನ ಹಿಂಭಾಗ. ಇದನ್ನೆಲ್ಲ ಸಹಿಸಿಕೊಂಡು ಹೋಗುವಂಥದ್ದು ಏನಿದೆ ಎಂದು ಯಾರಾದರೂ ಕೇಳಬೇಕು.

ಮೊದಲ ದಿನ ಕೆಳಗೆ ಎಳನೀರು ಗಾಡಿಯ ಹತ್ತಿರ ನಿಂತಿದ್ದೆ. ಎರಡನೆಯ ದಿನ ಮೇಲಿನಿಂದ ಸರ, ಬರ್ರಿ ಎಂದು ಕೂಗು ಬಂತು. ಇವತ್ತು ನಾನೇ ಮೊದಲು ಹತ್ತಿದೆ. ವೆಲ್ಷರು ಎಣಿಸುವಾಗ ಮೂರು ಮಗ, ಐದು ಮರ ಎಂದು ಏಕವಚನದಲ್ಲೇ ಇಡುತ್ತಾರಂತೆ. ನಾವೂ ಮೂರು ಮರ, ಐದು ಕುರಿ ಅನ್ನುತ್ತೇವಲ್ಲ ಎಂದೆ. ವಿಜಯಲಕ್ಷ್ಮಿ ಅದನ್ನು ಬರೆದುಕೊಂಡಳು. ಹೇಮಶ್ರೀ ನನ್ನ ಕಡೆ ನೋಡಿ ಅಪ್ಪ ಸೂಪರ್ ಎಂದಳು. ಇದನ್ನು ಇಲ್ಲಿ ಬರೆದದ್ದು ಮರೆಯಬಾರದೆಂದಲ್ಲ, ಸುಮ್ಮನೆ.

ವಿಜಯಲಕ್ಷ್ಮಿಯ ಹೊಸ ಮನೆ ಚೆನ್ನಾಗಿಲ್ಲ. ಕಿಟಕಿ ಪಕ್ಕದ ಗೋಡೆಗೇ ತೆರೆಯುತ್ತದೆ, ಲ್ಯಾಟಿನಿಗೆ ಅವಮಾನ. ವಾಪಸ್ ಬನ್ನಿ ಎಂದೆ. ಅಗ್ರಿಮೆಂಟು ಮಾಡಿಕೊಂಡಿದ್ದಾಳಂತೆ, ಬಿಡಿಸಿಕೊಳ್ಳುವುದು ಸಲೀಸಲ್ಲ. “ನೋಡೋಣ್ರಿ” ಎಂದಳು.

ಮೇಲಿನ ಮನೆ ನೋಡಲು ನಾಲ್ಕಾರು ಜನ ಬಂದು ಹೋದರು. ಒಬ್ಬರೂ ಸರಿಯಿಲ್ಲ. ಒಬ್ಬ ವಿಪರೀತ ಮಾತಾಡುತ್ತಾನೆ, ಒಬ್ಬ ಮಾತೇ ಆಡುವುದಿಲ್ಲ, ಇನ್ನೊಬ್ಬನ ಚಪ್ಪಲಿ ಬಿಡುವ ರೀತಿ ಹಿಡಿಸಲಿಲ್ಲ. ಈಚೆಗೆ ಒಳ್ಳೆಯ ಬಾಡಿಗೆದಾರರು ಸಿಗುವುದೇ ಕಷ್ಟ.

ಡಿಸೆಂಬರ್ ೨೧, ಭಾನುವಾರ

ಪರೀಕ್ಷೆ ಮುಗಿಯಿತು. ಜಯನಗರದ ಕಾಲೇಜಿನ ಗೇಟಿನ ಹತ್ತಿರ ನಾನು ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಆಚೆ ಕಡೆ ವಿಜಯಲಕ್ಷ್ಮಿ, ಭಾನುವಾರದ ಶಿಫ್ಟಿಗೆ ರಜೆ ಹಾಕಿ ಬಂದವಳು. ಹೇಮಶ್ರೀ ಹೊರಗೆ ಬಂದವಳೇ ಅವಳತ್ತ ಓಡಿದಳು. ಇಬ್ಬರೂ ಏನೇನೋ ಒಟ್ಟಿಗೇ ಮಾತಾಡಿದರು. ನಾನು ಬಿಸಿಲಿನಲ್ಲಿದ್ದ ಸ್ಕೂಟರನ್ನು ನೆರಳಿಗೆ ತಂದೆ, ಇಬ್ಬರ ಮಾತು ಮುಗಿಯಲಿ ಎಂದು. ಆಮೇಲೆ ಹೇಮಶ್ರೀ ಬಂದು ಬಾಟಲಿ ತೆಗೆದುಕೊಂಡಳು. ಬಾಲದ ಪ್ರಶ್ನೆಯೇ ಬಂದಿತ್ತಂತೆ, ಅದರಲ್ಲಿ ಮನೆಯೂ ಇತ್ತಂತೆ. ಪರೀಕ್ಷೆಯ ಕೋಣೆಯಲ್ಲಿ ಎಲ್ಲರೂ ಗಂಭೀರವಾಗಿ ಬರೆಯುತ್ತಿರುವಾಗ ಇವಳೊಬ್ಬಳು ನಗು ತಡೆಯಲಾಗದೆ ಕೆಮ್ಮಿದಳಂತೆ. ಗೆದ್ದಳೋ ಇಲ್ಲವೋ ಮುಂದಿನ ತಿಂಗಳು ಗೊತ್ತಾಗುತ್ತದೆ.

ಸಂಜೆ ಗೇಟಿನಲ್ಲಿ ಆ ಹೆಲ್ಮೆಟ್ಟಿನವನು ಹೆಂಡತಿಯ ಜೊತೆ ಮತ್ತೆ ಬಂದ. ಒಳ್ಳೆಯವರು. ಮಾತು ಹದ, ಚಪ್ಪಲಿಯನ್ನೂ ನೀಟಾಗಿ ಬಿಟ್ಟರು.

“ಇಲ್ಲಪ್ಪ, ಮನೆ ಖಾಲಿ ಇಲ್ಲ. ನಮ್ಮ ಸಂಬಂಧಿಕರು ಬರ್ತಾರೆ.”

“ಬೋರ್ಡ್ ಇದೆಯಲ್ಲ ಸಾರ್?”

ಬೋರ್ಡನ್ನು ಕೊಕ್ಕೆಯಿಂದ ತೆಗೆದೆ. ಒಳಗಿನಿಂದ ಅಮ್ಮ, ಯಾರ್ಲಾ ಬರೋದು ಎಂದು ಕೂಗಿದಳು. ಹಂಸಾ ಅವಳಿಗೆ ವಿಜಯಲಕ್ಷ್ಮಿಯ ಹೆಸರು ಹಿಡಿದು ಏನೋ ಮೆಲ್ಲಗೆ ಹೇಳಿದಳು. ಅಮ್ಮ ಮತ್ತೆ ಕೇಳಲಿಲ್ಲ.

ಊಟಕ್ಕೆ ವಿಜಯಲಕ್ಷ್ಮಿ ಕೊಟ್ಟು ಕಳಿಸಿದ ರಂಜಕ ಇತ್ತು. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಸೇರಿಸಿ ರುಬ್ಬಿದ್ದು, ಕಣ್ಣಲ್ಲಿ ನೀರು ಬರುವಂಥದ್ದು. ಮೂರು ಸಲ ಹಾಕಿಸಿಕೊಂಡೆ. ಊಟ ಮುಗಿಯುತ್ತಲೇ ಹಂಸಾ ಗುಲಾಬಿ ಔಷಧದ ಬಾಟಲಿ ತಂದು ತಟ್ಟೆಯ ಪಕ್ಕದಲ್ಲಿಟ್ಟಳು.

ಯಾಕೆ, ಉರಿ ಎಲ್ಲಿದೆ ಎಂದು ಕೇಳಿದೆ.